ಪದ ಬೇಕಾಗಿದೆ (ತುರ್ತು): ಫೋಟೋದಲ್ಲಿ ಬೆಳ್ಳಗಾಗಿ ಹೋದ ಆಕಾಶಕ್ಕೆ

ಬಳಗದ ಹಿರಿಯರಿಗೆ ನಮಸ್ಕಾರ. ಈ ಶನಿವಾರ ಆಗುಂಬೆಯಲ್ಲಿ ಕಾಲೇಜು ಮಕ್ಕಳಿಗೆ ಛಾಯಾಗ್ರಹಣ ಶಿಬಿರವಿದೆ. 8 ಪುಟಗಳ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಬೆಳಿಗ್ಗೆ 10 ಗಂಟೆಯೊಳಗೆ ಅದು ಶಿವಮೊಗ್ಗದ ಮುದ್ರಣಾಲಯದಲ್ಲಿರಬೇಕು. ಒಂದು ಪದ ಮಾತ್ರ ಕೈಗೆ ಸಿಗುತ್ತಿಲ್ಲ.

ಅಡಿಕೆ ತೋಟದ ನೆರಳಿಗೆ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿದರೆ ಮೇಲಿನ ಆಕಾಶ ಬಿಳಿ ಕಾಗದದಂತಾಗುತ್ತದೆ. ಕೆಂಪು, ಹಸಿರು, ನೀಲಿ ಮೂರೂ ಗರಿಷ್ಠ ಅಂಕೆಯಾದ 255ಕ್ಕೆ ಮುಟ್ಟಿ ನಿಂತಿರುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಗಾಢ ಮಾಡಿದರೂ ಬೂದಿಬಣ್ಣ ಬರುತ್ತದೆಯೇ ಹೊರತು ಮೋಡದ ಅಂಚು ಬರುವುದಿಲ್ಲ. ಸ್ಟುಡಿಯೋದವರು ‘ಓವರ್ ಆಗಿದೆ’ ಎನ್ನುತ್ತಾರೆ. ಆದರೆ ಓವರ್ ಆದದ್ದೆಲ್ಲ ಕೈಬಿಟ್ಟು ಹೋದಂತಲ್ಲ. ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚಾಗಿದ್ದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಫೈಲಿನಿಂದ ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು. ಉಳಿಸಿಕೊಳ್ಳಲಾಗದ ಸ್ಥಿತಿಗೆ ಏನೆನ್ನುವುದು? ‘ಅತಿಬೆಳಕಿನ ಆಕಾಶ’ ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದ್ದೇನೆ.

ಸಾಗರದಿಂದ:
ಹೊಡೆದುಹಾಕಿದ್ದು ಒಳ್ಳೆಯದಾಯಿತು. ಅದು ಸಂಸ್ಕೃತಕ್ಕೆ ಕನ್ನಡವನ್ನು ಬೆಸೆದ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಬಿರುದುಗಳಿಗೆ ಕೊಟ್ಟ ವಿನಾಯಿತಿ ಕ್ಯಾಮೆರಾಗಳಿಗೆ ಸಲ್ಲುವುದಿಲ್ಲ. ‘ಬಿಳಿಚಿದ ಬಾನು’ ಎಂದು ಬರೆಯಿರಿ. ಬಾನು ತಮಿಳಿನ ವಾನಕ್ಕೆ ಒಡಹುಟ್ಟು. ಬಾಯಿ, ಬೇರು, ಬಿಲ್ಲುಗಳಲ್ಲೂ ಅದೇ ವಕಾರ ಬಕಾರವಾಗಿದೆ. ಮನೆಯಲ್ಲೇ ಬಾನಿರುವಾಗ ಆಕಾಶವನ್ನು ಕಡ ತರುವುದೇಕೆ?

ಹೊಸನಗರದಿಂದ:
ಮೇಷ್ಟ್ರೇ, ಬಿಳಿಚುವುದು ಜ್ವರ ಬಂದವನ ಮುಖ. ಅವನು ನಾಲ್ಕು ದಿನ ಗಂಜಿ ಕುಡಿದರೆ ಚೇತರಿಸಿಕೊಳ್ಳುತ್ತಾನೆ, ಈ ಆಕಾಶ ಚೇತರಿಸಿಕೊಳ್ಳುವುದಿಲ್ಲ. ಇಂಗ್ಲಿಷಿನವರನ್ನು ನೋಡಿ ‘ಸುಟ್ಟ ಆಕಾಶ’ ಎಂದೂ ಬರೆಯಬೇಡಿ. ನಮ್ಮ ಕಡೆ ಸುಟ್ಟದ್ದೂ ಸೀದದ್ದೂ ಕಪ್ಪಗಾಗುತ್ತದೆ. ‘ಬಣ್ಣಗೆಟ್ಟ ಆಕಾಶ’ ಸಾಕು.

ಅದಕ್ಕಿಂತ ಮಕ್ಕಳಿಗೆ ಕೆಲಸ ಹೇಳಿಕೊಡಿ. ಸೂರ್ಯನನ್ನು ಹೊರಗಿಟ್ಟು ಅದರ ಪಕ್ಕದ ಆಕಾಶದಿಂದ ಬೆಳಕಿನ ಅಳತೆ ತೆಗೆದುಕೊಳ್ಳಲಿ, ತೋಟ ಕಪ್ಪಾದರೆ ಆಗಲಿ. ಪೋಲರೈಸರ್ ಫಿಲ್ಟರ್ ನೀಲಿಯನ್ನು ಗಾಢ ಮಾಡುವುದು ಸೂರ್ಯನಿಗೆ 90 ಡಿಗ್ರಿ ಪಕ್ಕದ ಆಕಾಶದಲ್ಲಿ. ಮುಳುಗುವ ಸೂರ್ಯನಿಗೇ ಎದುರಾಗಿ ಹಿಡಿದು ‘ಏನೂ ಆಗುತ್ತಿಲ್ಲ’ ಎಂದು ಫಿಲ್ಟರನ್ನು ಬೈಯುವವರನ್ನು ಆಗುಂಬೆಯಲ್ಲೇ ಬೇಕಾದಷ್ಟು ನೋಡಿದ್ದೇನೆ.

ಸಾಗರದಿಂದ:
‘ಬಣ್ಣ’ ವರ್ಣದ ತದ್ಭವ. ತಿಳಿದಿರಲಿ.

ಹೊಸನಗರದಿಂದ:
‘ಸಂಜೆ’ಯೂ ಸಂಧ್ಯೆಯ ತದ್ಭವ. ಅದನ್ನೂ ಬಿಟ್ಟರೆ ಮಕ್ಕಳು ಸೂರ್ಯಾಸ್ತ ನೋಡಲು ಯಾವ ಹೊತ್ತಿಗೆ ಬರಬೇಕು?

ಸಾಗರದಿಂದ:
ಬೈಗಿಗೆ.

ಶಿವಮೊಗ್ಗದಿಂದ:
ಆಕಾಶ ಹಾಗಿರಲಿ, ‘ಎಕ್ಸ್‌ಪೋಷರ್’ ಅನ್ನು ಹಾಗೆಯೇ ಬಿಟ್ಟದ್ದೇಕೆ? ‘ಒಡ್ಡಿಕೆ’ ಇದೆಯಲ್ಲ. ಪ್ರಯತ್ನವನ್ನೇ ಮಾಡದೆ ಇಂಗ್ಲಿಷಿಗೆ ಶರಣಾಗುವುದು ಈ ಬಳಗದಲ್ಲೂ ಶುರುವಾಯಿತು.

ಹೊಸನಗರದಿಂದ:
ನಮ್ಮ ಗದ್ದೆಯಲ್ಲಿ ಒಡ್ಡು ಎಂದರೆ ನೀರು ತಡೆಯುವ ಮಣ್ಣಿನ ದಂಡೆ. ಎಕ್ಸ್‌ಪೋಷರ್ ಎಂದರೆ ಬೆಳಕನ್ನು ಒಳಗೆ ಬಿಡುವುದು. ತಡೆಯುವುದಕ್ಕೂ ಬಿಡುವುದಕ್ಕೂ ಒಂದೇ ಪದವೇ?

ಶಿವಮೊಗ್ಗದಿಂದ:
ಬಿಸಿಲಿಗೆ ಮೈಯೊಡ್ಡುವುದನ್ನು ಕೇಳಿಲ್ಲವೇ? ಕ್ಯಾಮೆರಾ, ಲೆನ್ಸ್, ಫಿಲ್ಟರ್ ಎಲ್ಲವನ್ನೂ ನುಂಗಿದವರಿಗೆ ಕನ್ನಡದ್ದೊಂದೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ತೀರ್ಥಹಳ್ಳಿಯಿಂದ (ಪ್ರಶ್ನೆ ಕೇಳಿದವನು):
ಮುದ್ರಣಾಲಯದಿಂದ ಎರಡು ಸಲ ಫೋನ್ ಬಂತು, ಇನ್ನು ಕಾಯಲಾರೆ. ‘ಬಣ್ಣಗೆಟ್ಟ’ ಎಂದರೆ ಹಳೆಯ ಸೀರೆ ನೆನಪಾಗುತ್ತದೆ, ಅದರಲ್ಲಿ ಬಣ್ಣ ಅಷ್ಟಿಷ್ಟಾದರೂ ಉಳಿದಿರುತ್ತದೆ. ನನ್ನ ಆಕಾಶದಲ್ಲಿ ಏನೂ ಇಲ್ಲ. ‘ಬರಿದಾದ ಆಕಾಶ’ ಎಂದು ಕಳುಹಿಸಿಬಿಟ್ಟೆ. ಮೋಡವಿಲ್ಲದ ಆಕಾಶವೆಂದು ಓದಿಕೊಳ್ಳುವವರಿಗಾಗಿ ಪಕ್ಕದಲ್ಲಿ ಚಿತ್ರವನ್ನೂ ಹಾಕಿಸಿದ್ದೇನೆ. ಎಕ್ಸ್‌ಪೋಷರ್ ಎಕ್ಸ್‌ಪೋಷರ್ ಆಗಿಯೇ ಇದೆ, ಶಿವಮೊಗ್ಗದವರು ಕ್ಷಮಿಸಬೇಕು.

ಸಾಗರದಿಂದ:
‘ಬರಿದಾದ ಬಾನು’ ಎಂದಿದ್ದರೆ ಮೊದಲಕ್ಷರವಾದರೂ ಕೂಡುತ್ತಿತ್ತು.