ಸಹಾಯ ಬೇಕು: ಲ್ಯಾಂಡ್‌ಲೈನ್ ತೆಗೆಸಿ ಹಳೇ ಫೋನಿಗೆ ಸಿಮ್ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ತೋಟದ ಮನೆ. ತಾಮ್ರದ ಲೈನ್ ಸರೆಂಡರ್ ಮಾಡಿ ಮೊಬೈಲಿಗೆ ಹೋಗಬೇಕು. ಹಿರಿಯರಿಗೆ ರಿಸೀವರ್ ಎತ್ತಿ ಮಾತಾಡುವುದೇ ಅನುಕೂಲ, ಟಚ್ ಸ್ಕ್ರೀನ್ ಬೇಡವೇ ಬೇಡ.

ಲ್ಯಾಂಡ್‌ಲೈನ್ ನಂಬರನ್ನು ಸಿಮ್‌ಗೆ ಪೋರ್ಟ್ ಮಾಡಲು ನಮ್ಮ ದೇಶದಲ್ಲಿ ಅವಕಾಶವಿಲ್ಲ. ಹಾಗಾಗಿ ಮೊದಲು ಕಾಲ್ ಫಾರ್ವರ್ಡ್ ಹಾಕಿ, ಬ್ಯಾಂಕ್, ಗ್ಯಾಸ್, ನೆಂಟರು ಎಲ್ಲರಿಗೂ ಹೊಸ ನಂಬರ್ ಕೊಟ್ಟ ಮೇಲೆಯೇ ಸರೆಂಡರ್ ಅರ್ಜಿ. ಡೆಪಾಸಿಟ್ ವಾಪಸ್ ಬರಬೇಕಾದ್ದರಿಂದ ಕೊನೆಯ ಬಿಲ್ಲಿನ ರಸೀದಿ ಎತ್ತಿಟ್ಟಿದ್ದೇವೆ.

ತೊಡಕಿರುವುದು ಸೆಟ್ಟಿನಲ್ಲಿ. ಸಿಮ್ ಹಾಕುವ ಟೇಬಲ್ ಫೋನುಗಳಲ್ಲಿ ಅಗ್ಗದವು ಹೆಚ್ಚಾಗಿ 2ಜಿ ಮಾತ್ರ. ಜಿಯೋಗೆ 2ಜಿ ಇಲ್ಲವೇ ಇಲ್ಲ, ಆ ಸಿಮ್‌ಗೆ 4ಜಿ ವೋಲ್ಟೆ (4ಜಿ ನೆಟ್‌ವರ್ಕಿನಲ್ಲೇ ಮಾತಾಡುವ ಸೌಲಭ್ಯ) ಇರುವ ಸೆಟ್ಟೇ ಬೇಕು. ಇನ್ನೊಂದು ದಾರಿ, ಆರ್‌ಜೆ11 ಪೋರ್ಟ್ (ಲ್ಯಾಂಡ್‌ಲೈನ್ ಫೋನಿನ ವೈರ್ ಸಿಕ್ಕಿಸುವ ಕಿಂಡಿ) ಇರುವ ಸಿಮ್ ಗೇಟ್‌ವೇ, ಅಂದರೆ ಸಿಮ್ ಹಾಕಿ ಮಾಮೂಲಿ ಫೋನನ್ನು ಮೊಬೈಲ್ ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ. ಹಳೇ ಫೋನನ್ನೇ ಅದಕ್ಕೆ ಸಿಕ್ಕಿಸಿದರೆ ಡಯಲ್ ಟೋನ್ ಬರುತ್ತದೆ. ಆದರೆ ಮನೆಯ ವೈರಿಂಗಿಗೆ ಜೋಡಿಸುವ ಮುಂಚೆ ಹೊರಗಿನ ಜೋಡಿ ತಂತಿಯನ್ನು ಕಳಚಲೇಬೇಕು. ಎಕ್ಸ್‌ಚೇಂಜಿನಿಂದ ಬರುವ 48 ವೋಲ್ಟ್, ರಿಂಗ್ ಆಗುವಾಗ ಅದಕ್ಕಿಂತ ಹೆಚ್ಚು, ಗೇಟ್‌ವೇಯನ್ನು ಸುಟ್ಟೀತು.

ತಾಮ್ರದ ಲೈನಿಗೆ ಕರೆಂಟು ಎಕ್ಸ್‌ಚೇಂಜಿನದೇ. ಗೇಟ್‌ವೇಗೆ ಮನೆಯ ಕರೆಂಟೇ ಬೇಕು, ಮಳೆಗಾಲದಲ್ಲಿ ಅದೇ ಚಿಂತೆ.

ತಿಳಿದವರು ಹೇಳಿ:
ವೋಲ್ಟೆ ಇರುವ, ಹೊರಗಿನ ಆಂಟೆನಾ ಹಾಕಬಹುದಾದ ಗೇಟ್‌ವೇ ಯಾವುದು? ಮಾಡಿನ ಮೇಲೆ ಮಾತ್ರ ಸಿಗ್ನಲ್ ಇದೆ, 10 ಮೀಟರ್ ಕೇಬಲ್ ಎಳೆದರೆ ಎಷ್ಟು ನಷ್ಟ? 12 ವೋಲ್ಟಿನ ರೂಟರ್ ಯುಪಿಎಸ್ ಅದನ್ನು ಎಷ್ಟು ಹೊತ್ತು ನಡೆಸುತ್ತದೆ? ಗೇಟ್‌ವೇಗೆ ಬರುವ ಒಟಿಪಿ ಮೆಸೇಜನ್ನು ಓದುವುದು ಹೇಗೆ? ಬಳಸುತ್ತಿರುವವರು ದಯವಿಟ್ಟು ಮಾಡೆಲ್ ನಂಬರ್ ಸಮೇತ ತಿಳಿಸಿ.