ನಕ್ಷೆಯಲ್ಲಿರುವ ಬಸ್ ಮಾರ್ಗ ಹಳತಾಗಿದೆಯೆಂದು ತಿಳಿಯುವುದು ಹೇಗೆ?

ಪ್ರಶ್ನೆ

ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಸ್ವಯಂಸೇವಕರು ಕೆಲವು ವರ್ಷಗಳ ಹಿಂದೆ ಹುರುಪಿನಿಂದ ಸೇರಿಸಿದ ಬಸ್ ಮಾರ್ಗಗಳ ನಿರ್ವಹಣೆ ಈಗ ನಮ್ಮ ಸಣ್ಣ ತಂಡದ ಪಾಲಿಗೆ ಬಂದಿದೆ. ಕೆಲವು ಮಾರ್ಗಗಳ ಕೊನೆಯ ನಿಲ್ದಾಣ ಬದಲಾಗಿದೆ, ಕೆಲವು ಸಂಖ್ಯೆಗಳೇ ರದ್ದಾಗಿವೆ. ಆದರೆ ಯಾವುದು ಸರಿ, ಯಾವುದು ಹಳತು ಎಂಬುದು ನಕ್ಷೆಯನ್ನು ನೋಡಿದರೆ ಗೊತ್ತಾಗುವುದಿಲ್ಲ. ಕೊನೆಯ ಬಾರಿ ತಿದ್ದಿದ ದಿನಾಂಕದ ಪ್ರಕಾರ ವಿಂಗಡಿಸಿ, ಹಳೆಯವನ್ನು ಮೊದಲು ಪರಿಶೀಲಿಸೋಣವೆಂದುಕೊಂಡಿದ್ದೇವೆ. ಈ ಕ್ರಮ ಸರಿಯೇ?

ಉತ್ತರ 1

ಆ ದಿನಾಂಕವನ್ನು ನಂಬಬೇಡಿ. ಸೇತುವೆಯೊಂದನ್ನು ಗುರುತಿಸಲು ಯಾರಾದರೂ ರಸ್ತೆಯ ಗೆರೆಯನ್ನು ತುಂಡರಿಸಿದರೆ ಸಾಕು, ಆ ರಸ್ತೆಯ ಮೇಲೆ ಹಾಯುವ ಪ್ರತಿಯೊಂದು ಮಾರ್ಗದ ರಿಲೇಶನ್‌ಗೂ (ಮಾರ್ಗದ ಗೆರೆಗಳನ್ನೂ ನಿಲ್ದಾಣಗಳನ್ನೂ ಒಟ್ಟುಗೂಡಿಸುವ ದಾಖಲೆ) ಹೊಸ ಆವೃತ್ತಿ ಸಂಖ್ಯೆ, ಹೊಸ ದಿನಾಂಕ ಬೀಳುತ್ತವೆ. ತಿದ್ದಿದವರ ತಲೆಯಲ್ಲಿ ಬಸ್ಸಿನ ವಿಚಾರವೇ ಇದ್ದಿರಲಿಕ್ಕಿಲ್ಲ. ಹೀಗಾಗಿ ಮುಖ್ಯ ರಸ್ತೆಗಳಲ್ಲಿ ಸಾಗುವ ಮಾರ್ಗಗಳು, ವರ್ಷಗಟ್ಟಲೆ ಯಾರೂ ಪರಿಶೀಲಿಸದಿದ್ದರೂ, ಸದಾ ಹೊಸದಾಗಿ ಕಾಣುತ್ತವೆ. ಬಸ್ಸಿನಲ್ಲಿ ಸಾಗಿಯೋ ನಿಲ್ದಾಣದ ಫಲಕ ಓದಿಯೋ ಖಚಿತಪಡಿಸಿಕೊಂಡವರು ರಿಲೇಶನ್‌ಗೆ ಚೆಕ್ ಡೇಟ್ ಟ್ಯಾಗ್ ಹಾಕಿ ಆ ದಿನವನ್ನು ನಮೂದಿಸಲಿ. ಆ ಟ್ಯಾಗ್ ಇಲ್ಲದ ಅಥವಾ ಅದರಲ್ಲಿ ಹಳೆಯ ದಿನವಿರುವ ಮಾರ್ಗಗಳನ್ನು ಓವರ್‌ಪಾಸ್ ಎಂಬ ಹುಡುಕು ಸಾಧನದಲ್ಲಿ ಹೆಕ್ಕಿದರೆ ನಿಮಗೆ ಬೇಕಾದ ಪಟ್ಟಿ ಸಿಗುತ್ತದೆ.

ಇನ್ನು, ರಸ್ತೆಗೆ ವಿಭಜಕ ಬಂದ ಕಡೆಯನ್ನೆಲ್ಲ ಮೊದಲು ನೋಡಿ. 2011ರಲ್ಲಿ ಒಪ್ಪಿತವಾದ ಕ್ರಮದಂತೆ ಹೋಗುವ ದಿಕ್ಕಿಗೊಂದು, ಬರುವ ದಿಕ್ಕಿಗೊಂದು ರಿಲೇಶನ್ ಇರುತ್ತದೆ. ಯಾರೋ ಹಳೆಯ ಗೆರೆಯನ್ನು ಏಕಮುಖವಾಗಿಸಿ ಪಕ್ಕದಲ್ಲಿ ಹೊಸ ಗೆರೆ ಎಳೆಯುತ್ತಾರೆ. ಎರಡೂ ದಿಕ್ಕಿನ ರಿಲೇಶನ್‌ಗಳು ಹಳೆಯ ಗೆರೆಯಲ್ಲೇ ಉಳಿದು, ಮರಳುವ ಬಸ್ಸು ನಕ್ಷೆಯಲ್ಲಿ ವಾಹನಗಳಿಗೆ ಎದುರಾಗಿ ಓಡತೊಡಗುತ್ತದೆ. ಬ್ರೌಸರ್‌ನಲ್ಲಿ ಸಂಪಾದಿಸುವವರಿಗೆ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರಿನಲ್ಲಿ ಅಳವಡಿಸಿಕೊಳ್ಳುವ ನಕ್ಷೆ ಸಂಪಾದನಾ ತಂತ್ರಾಂಶ ಜೆಒಎಸ್‌ಎಮ್‌ನ ಪಿಟಿ ಅಸಿಸ್ಟೆಂಟ್ ಪ್ಲಗಿನ್ ಇಂಥವನ್ನು ಎತ್ತಿ ತೋರಿಸುತ್ತದೆ.

ಉತ್ತರ 2

ರದ್ದಾದ ಸಂಖ್ಯೆಗಳನ್ನು ಪ್ಲಗಿನ್ ಹಿಡಿಯಲಾರದು, ಏಕೆಂದರೆ ಓಡದ ಬಸ್ಸಿನ ಗೆರೆಯೂ ತುಂಡಾಗದೆ ನೆಟ್ಟಗೇ ಇರಬಹುದು. ಸಾರಿಗೆ ಸಂಸ್ಥೆ ಜಿಟಿಎಫ್‌ಎಸ್ ಕಡತಗಳನ್ನು (ಮಾರ್ಗ, ನಿಲ್ದಾಣ, ವೇಳಾಪಟ್ಟಿಗಳ ಪ್ರಮಾಣಿತ ರೂಪದ ಮಾಹಿತಿ) ಪ್ರಕಟಿಸುತ್ತಿದ್ದರೆ ಅದರ ಮಾರ್ಗಪಟ್ಟಿಯನ್ನು ನಕ್ಷೆಯ ಪಟ್ಟಿಯೊಡನೆ ಹೋಲಿಸಿ. ಪಿಟಿಎನ್‌ಎ ಎಂಬ ವಿಶ್ಲೇಷಣಾ ಸಾಧನವೂ ಇದೇ ಬಗೆಯದು: ಇರಬೇಕಾದ ಮಾರ್ಗಗಳ ಪಟ್ಟಿಯನ್ನು ಕೊಟ್ಟರೆ, ನಕ್ಷೆಯಲ್ಲಿ ಇಲ್ಲದವು, ಹೆಚ್ಚುವರಿಯಾಗಿರುವವು, ಕೊಂಡಿ ಕಳಚಿದವು ಯಾವುವೆಂದು ವರದಿ ಮಾಡುತ್ತದೆ. ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ 2012ರಿಂದ ಒಡಿಬಿಎಲ್ ಎಂಬ ಮುಕ್ತ ದತ್ತಾಂಶ ಪರವಾನಗಿಯಡಿ ಇರುವುದರಿಂದ, ಅದಕ್ಕೆ ಹೊಂದುವ ಪರವಾನಗಿಯೋ ಸ್ಪಷ್ಟ ಅನುಮತಿಯೋ ಇಲ್ಲದೆ ಜಿಟಿಎಫ್‌ಎಸ್‌ನ ಮಾಹಿತಿಯನ್ನು ನಕಲಿಸುವಂತಿಲ್ಲ.

ಉತ್ತರ 3

ಅನುಮತಿ ಸಿಕ್ಕಿದರೂ ಎಲ್ಲವನ್ನೂ ಒಟ್ಟಿಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಸಂಸ್ಥೆಯ ಕಡತದಲ್ಲಿ ನಿಲ್ದಾಣದ ಬಿಂದು ಎಷ್ಟೋ ಸಲ ರಸ್ತೆಯ ತಪ್ಪು ಬದಿಯಲ್ಲಿರುತ್ತದೆ. ಸ್ವಯಂಸೇವಕರು ಸ್ಥಳಕ್ಕೆ ಹೋಗಿ ಗುರುತಿಸಿದ್ದನ್ನು ಅದು ಅಳಿಸಿಬಿಡಬಾರದು. ವೇಳಾಪಟ್ಟಿಯನ್ನಂತೂ ಸೇರಿಸಲೇಬೇಡಿ. ನಿಲ್ದಾಣಗಳು, ಮಾರ್ಗದ ಆಕಾರ, ಸಂಖ್ಯೆ, ಎರಡು ತುದಿಗಳ ಹೆಸರು, ಹೆಚ್ಚೆಂದರೆ ಬಸ್ಸುಗಳ ನಡುವಿನ ಅಂದಾಜು ಅಂತರ, ಇಷ್ಟನ್ನು ಸರಿಯಾಗಿಟ್ಟುಕೊಳ್ಳುವುದೇ ಸಣ್ಣ ತಂಡಕ್ಕೆ ಕೈತುಂಬ ಕೆಲಸ.

ಪ್ರಶ್ನಿಸಿದವರು

ಧನ್ಯವಾದಗಳು. ಹಾಗಾದರೆ ಕಾಮಗಾರಿಯ ಕಾರಣಕ್ಕೆ ಬಸ್ಸುಗಳು ಬೇರೆ ರಸ್ತೆಯಲ್ಲಿ ಸಾಗುತ್ತಿರುವಾಗ ರಿಲೇಶನ್ ತಿದ್ದಬೇಕೇ?

ಉತ್ತರ 1

ಕೆಲವೇ ವಾರಗಳ ಮಾತಾದರೆ ಮುಟ್ಟಬೇಡಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು ಬಳಸುವವರಲ್ಲಿ ಹಲವರು ಅದನ್ನು ತಿಂಗಳುಗಟ್ಟಲೆ ನವೀಕರಿಸುವುದಿಲ್ಲ. ನೀವು ಮಾರ್ಗವನ್ನು ಮೊದಲಿನಂತೆ ಮಾಡಿದ ಮೇಲೂ ತಾತ್ಕಾಲಿಕ ಬದಲಾವಣೆ ಅವರ ಫೋನಿನಲ್ಲಿ ಉಳಿದಿರುತ್ತದೆ. ಆ ಜಾಗದಲ್ಲಿ ಒಂದು ಟಿಪ್ಪಣಿ ತೆರೆದಿಡಿ, ಕಾಮಗಾರಿ ಮುಗಿಯಬೇಕಾದ ದಿನ ಗೊತ್ತಿದ್ದರೆ ಬರೆಯಿರಿ. ಆರು ತಿಂಗಳಿಗೂ ಮೀರಿ ಎಳೆಯುವಂತಿದ್ದರೆ ನಾನಾದರೆ ತಿದ್ದುತ್ತೇನೆ, ತಿದ್ದಿದ ಕಾರಣವನ್ನು ಚೇಂಜ್‌ಸೆಟ್‌ನ (ಒಟ್ಟಿಗೆ ಉಳಿಸಿದ ತಿದ್ದುಪಡಿಗಳ ಕಂತು) ವಿವರಣೆಯಲ್ಲಿ ಬರೆದಿಡುತ್ತೇನೆ.