ಕಾಯಂ ಅಧ್ಯಾಪಕರು ಒಬ್ಬರೇ ಇರುವ ವಿಭಾಗದಲ್ಲಿ ಪಿಎಚ್.ಡಿ.ಗೆ ಕಾಯಬೇಕೇ?

ಪ್ರಶ್ನೆ: ಎಂ.ಎ. ವಿದ್ಯಾರ್ಥಿನಿ, ಕಲಬುರಗಿ

ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವಳು. ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿ, ಈಗ ಕಲಬುರಗಿಯ ಸರ್ಕಾರಿ ಸಂಸ್ಥೆಯೊಂದರಲ್ಲಿ ಎಂ.ಎ. ಅರ್ಥಶಾಸ್ತ್ರದ ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮ ವಿಭಾಗದಲ್ಲಿ ಉಳಿದಿರುವ ಕಾಯಂ ಪ್ರಾಧ್ಯಾಪಕರು ಒಬ್ಬರೇ. ಪ್ರವೇಶ, ಪರೀಕ್ಷೆ, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಮಂಡಳಿ) ಕಡತಗಳ ಕೆಲಸವೆಲ್ಲ ಅವರ ಮೇಲೆಯೇ ಬಿದ್ದಿರುವುದರಿಂದ ಪಾಠಗಳನ್ನು ಬಹುತೇಕ ಅತಿಥಿ ಉಪನ್ಯಾಸಕರೇ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಆದರೆ ಅವರ ನೇಮಕದ ಆದೇಶ ಸೆಮಿಸ್ಟರ್ ಆರಂಭವಾಗಿ ಕೆಲವು ವಾರ ಕಳೆದ ಮೇಲೆ ಬರುವುದರಿಂದ ಮೊದಲ ಘಟಕಗಳು ಓಡುತ್ತಲೇ ಮುಗಿಯುತ್ತವೆ. ತೊಗರಿ ಬೆಳೆಗಾರರ ಸಾಲ ಮತ್ತು ಮಾರುಕಟ್ಟೆಯ ಕುರಿತು ಸಂಶೋಧನೆ ಮಾಡಬೇಕೆಂಬ ಆಸೆ ನನಗಿದೆ. ಇಲ್ಲಿಯೇ ಮುಂದುವರಿಯಬೇಕೇ, ಅಥವಾ ಧಾರವಾಡ, ಮೈಸೂರುಗಳ ಕಡೆ ನೋಡಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಅತಿಥಿ ಉಪನ್ಯಾಸಕ, ಬೀದರ್

ತಂಗಿ, ನಿಮ್ಮ ಅತಿಥಿ ಉಪನ್ಯಾಸಕರ ಬಗ್ಗೆ ಒಳ್ಳೆಯ ಮಾತು ಬರೆದಿದ್ದಕ್ಕೆ ಸಂತೋಷ. ಆದರೆ ಅವರಲ್ಲಿ ಯಾರೂ ನಿಮಗೆ ಮಾರ್ಗದರ್ಶಕರಾಗಲಾರರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಪೂರ್ಣಾವಧಿ ಕಾಯಂ ಅಧ್ಯಾಪಕರಿಗೆ ಮಾತ್ರ ಆ ಅರ್ಹತೆ ಇದೆ. ನಾನೂ ಪಿಎಚ್.ಡಿ. ಪಡೆದವನೇ, ಆದರೂ ಒಬ್ಬ ಸಂಶೋಧನಾರ್ಥಿಯನ್ನು ಅಧಿಕೃತವಾಗಿ ತೆಗೆದುಕೊಳ್ಳಲಾರೆ.

ನಮ್ಮ ಕಡೆಯ ಕಷ್ಟವನ್ನೂ ಹೇಳುತ್ತೇನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯಲ್ಲಿ ಗೌರವಧನವನ್ನು ಗಣನೀಯವಾಗಿ ಹೆಚ್ಚಿಸಿದ ಸರ್ಕಾರ, ವಾರದ ಕಾರ್ಯಭಾರವನ್ನು 15 ಗಂಟೆಗೆ ಏರಿಸಿತು. ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠಗಳು ಒಬ್ಬರ ಪಾಲಾದವು, ಇನ್ನೊಬ್ಬರು ಮನೆಗೆ ಹೋದರು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ ಎಂದರು. ಎರಡು ಬಾರಿಯೂ ಕನ್ನಡದಲ್ಲಿ ಪುಸ್ತಕ ಬರುವ ಮುನ್ನವೇ ತರಗತಿ ಶುರುವಾಯಿತು. ಟಿಪ್ಪಣಿಗಳನ್ನು ನಾವೇ ಬರೆದು, ಝೆರಾಕ್ಸ್ ಮಾಡಿಸಿ ಹಂಚಿದೆವು. ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತೇವೆಯೋ ಇಲ್ಲವೋ ತಿಳಿಯದ ಮನುಷ್ಯನಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಉತ್ತರ 2: ನಿವೃತ್ತ ಪ್ರಾಧ್ಯಾಪಕ, ಕಲಬುರಗಿ

ಮೇಲಿನ ಮಿತ್ರರು ಹೇಳಿದ ನಿಯಮಕ್ಕೆ ಇನ್ನೊಂದು ಮುಖವಿದೆ, ಮತ್ತು ನಿಮ್ಮ ತೀರ್ಮಾನಕ್ಕೆ ಅದೇ ಮುಖ್ಯ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧನಾರ್ಥಿಗಳನ್ನು ಮಾತ್ರ ಹೊಂದಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದಿರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹೀಗಾಗಿ ಹುದ್ದೆ ತೆರವಾಗುವುದಕ್ಕೆ ಮೂರು ವರ್ಷ ಮೊದಲೇ ಸಂಶೋಧನೆಯ ಸೀಟುಗಳು ತೆರವಾಗುವುದು ನಿಂತಿರುತ್ತದೆ. ನಿಮ್ಮ ಪ್ರಾಧ್ಯಾಪಕರ ನಿವೃತ್ತಿ ಯಾವ ವರ್ಷ, ಅವರಲ್ಲಿ ಈಗ ಎಷ್ಟು ಜನ ಇದ್ದಾರೆ ಎಂಬೆರಡನ್ನು ಮೊದಲು ವಿಚಾರಿಸಿ. ಸಂಕೋಚ ಬೇಡ, ಇದನ್ನು ಕೇಳುವುದು ಅಗೌರವವಲ್ಲ.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಾಗ ನಾನು ಸೇವೆಯಲ್ಲಿದ್ದೆ. ಈ ಭಾಗದ ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟು, ನೇಮಕಾತಿಯಲ್ಲಿ ದೊಡ್ಡ ಪಾಲು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಹುದ್ದೆಯನ್ನೇ ತುಂಬದಿದ್ದರೆ ಅದರಲ್ಲಿ ಪಾಲು ಎಲ್ಲಿಂದ ಬರಬೇಕು? 2023ರಲ್ಲಿ ಬೀದರಿಗೆ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು, ಅದಕ್ಕೂ ಮೊದಲು ರಾಯಚೂರು, ಯಾದಗಿರಿಗಳ ಕಾಲೇಜುಗಳು ರಾಯಚೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ದೂರ ಕಡಿಮೆಯಾದದ್ದು ನಿಜ. ಆದರೆ ಅಧ್ಯಾಪಕರ ಹುದ್ದೆಗಳನ್ನು ಮಂಜೂರು ಮಾಡಿ ತುಂಬದೆ ವಿಶ್ವವಿದ್ಯಾಲಯಗಳನ್ನು ಹೆಚ್ಚಿಸುವುದನ್ನು ನಾನು ಒಪ್ಪುವುದಿಲ್ಲ. ಕಟ್ಟಡಕ್ಕೆ ಅನುದಾನ ತರುವುದು ಸುಲಭ, ಏಕೆಂದರೆ ಅದು ಒಂದು ಸಲದ ವೆಚ್ಚ. ಸಂಬಳ ಹಾಗಲ್ಲ.

ತೊಗರಿಯ ವಿಷಯವನ್ನು ಮಾತ್ರ ಬಿಡಬೇಡಿ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚ್ಯಂಕ (ಜಿಐ ಟ್ಯಾಗ್) ಸಿಕ್ಕಿತಲ್ಲ, ಅದರಿಂದ ರೈತನ ಕೈಗೆ ಏನು ಬಂತು ಎಂಬುದನ್ನು ಎಪಿಎಂಸಿಯಲ್ಲಿ ಕುಳಿತು ನೋಡಬೇಕಾದವರು ಇಲ್ಲಿನವರೇ. ಮಾರ್ಗದರ್ಶಕರು ಧಾರವಾಡದಲ್ಲಿದ್ದರೂ ಕ್ಷೇತ್ರಕಾರ್ಯ ಇಲ್ಲಿ ನಡೆಯಬಹುದು.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಗುರುಗಳೇ, ಅಣ್ಣಾವ್ರೇ. ನಮ್ಮ ಪ್ರಾಧ್ಯಾಪಕರಿಗೆ ಎರಡೇ ವರ್ಷ ಉಳಿದಿದೆ ಎಂದು ಕಚೇರಿಯಲ್ಲಿ ತಿಳಿಯಿತು. ಹಾಗಾದರೆ ಹೊರಗೆ ಅರ್ಜಿ ಹಾಕಲೇಬೇಕು. ಮನೆಯವರನ್ನು ಒಪ್ಪಿಸುವುದು ಬೇರೆ ಮಾತು. ನೆಟ್ (ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಓದಿನ ಸಾಮಗ್ರಿಯದೇ ಚಿಂತೆ. ನಮ್ಮ ಗ್ರಂಥಾಲಯಕ್ಕೆ ಹೊಸ ನಿಯತಕಾಲಿಕೆಗಳು ಬರುವುದು ನಿಂತುಹೋಗಿದೆ.

ಉತ್ತರ 3: ಗ್ರಂಥಪಾಲಕಿ, ಕಲಬುರಗಿ

ಮುದ್ರಿತ ಸಂಚಿಕೆಗಳಿಗೆ ಕಾಯಬೇಡಿ. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಜಾರಿಯಲ್ಲಿದ್ದು, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಉಚಿತವಾಗಿ ಸಿಗುತ್ತವೆ. ಆದರೆ ನಿಮ್ಮ ಸಂಸ್ಥೆ ಅದರಲ್ಲಿ ನೋಂದಾಯಿಸಿಕೊಂಡಿರಬೇಕು. ಗ್ರಂಥಪಾಲಕರ ಹುದ್ದೆಯೂ ಖಾಲಿ ಇರುವ ಕಡೆ ಈ ಕೆಲಸ ಯಾರದ್ದೂ ಅಲ್ಲದೆ ಉಳಿದಿರುತ್ತದೆ. ಆದ್ದರಿಂದ ನೋಂದಣಿಯಾಗಿದೆಯೇ ಎಂದು ಪ್ರಾಂಶುಪಾಲರಿಗೆ ಬರಹದಲ್ಲಿಯೇ ಕೇಳಿ. ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ಮುಕ್ತವಾಗಿವೆ, ಅದಕ್ಕೆ ಯಾರ ಅನುಮತಿಯೂ ಬೇಡ. ತೊಗರಿಯ ಬಗ್ಗೆ ಹಿಂದೆ ಯಾರು ಏನು ಮಾಡಿದ್ದಾರೆ, ಅವರ ಮಾರ್ಗದರ್ಶಕರು ಯಾರಿದ್ದರು ಎಂಬುದನ್ನು ಅಲ್ಲಿಂದಲೇ ಪಟ್ಟಿ ಮಾಡಿಕೊಂಡರೆ ಯಾರಿಗೆ ಪತ್ರ ಬರೆಯಬೇಕೆಂಬುದೂ ತಿಳಿಯುತ್ತದೆ.